ಬಲಕ್ಕಿದ್ದ ಶುಕ್ರ

ಆಗ ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ಮೇಷ್ಟ್ರು. ಗ್ರಹಗಳ ಪಾಠ ಬಂತೆಂದರೆ ಅಂಗಳದ ನಡುವೆ ಕುಂಬಳಕಾಯಿ ಇಟ್ಟು ಸೂರ್ಯ ಎನ್ನುತ್ತಿದ್ದೆ. ಹುಡುಗರಿಬ್ಬರು ನಿಂಬೆಹಣ್ಣು ಹಿಡಿದು ಅದರ ಸುತ್ತ ತಿರುಗಬೇಕು: ಒಳಸುತ್ತು ಶುಕ್ರ, ಹೊರಸುತ್ತು ಭೂಮಿ. ಶುಕ್ರ ಯಾರ ಗೊಡವೆಗೂ ಬರುವವನಲ್ಲ, ತನ್ನ ಪಾಡಿಗೆ ತಾನು ಸುತ್ತುತ್ತಾನೆ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಪಾಠ ಮುಗಿದ ಮೇಲೆ ಸೂರ್ಯ ನಮ್ಮ ಮನೆಯ ಸಾರಿಗೆ ಹೋಗುತ್ತಿದ್ದ.

ಮನೆಯಲ್ಲಿ ಅಪ್ಪ ಊರವರಿಗೆಲ್ಲ ಪಂಚಾಂಗ ನೋಡಿ ಹೇಳುವವರು. ನನ್ನ ಹೆಂಡತಿ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಹೋದವಳು ಐದು ತಿಂಗಳ ಕೂಸಿನೊಂದಿಗೆ ಇನ್ನೂ ಅಲ್ಲೇ ಇದ್ದಳು. ಬಾಣಂತಿ ಕೂಸನ್ನು ಎತ್ತಿಕೊಂಡು ಹೊರಟರೆ ಶುಕ್ರ ಎದುರಿಗೂ ಇರಬಾರದು, ಬಲಕ್ಕೂ ಇರಬಾರದು. ಸಿರುಗುಪ್ಪದಿಂದ ಬಳ್ಳಾರಿಗೆ ದಕ್ಷಿಣಕ್ಕೆ ಮುಖ ಮಾಡಿ ಬರಬೇಕು. ಶುಕ್ರ ಆಗ ಪಶ್ಚಿಮದಲ್ಲಿದ್ದ, ಅಂದರೆ ಬಲಕ್ಕೆ.

"ಇನ್ನ ಇಪ್ಪತ್ತು ದಿನ ತಡಿ. ಮುಳುಗಿ ಮೂಡಲಕ್ಕ ಬರ್ತಾನ. ಆಮ್ಯಾಲ ಗಾಡಿ ಕಟ್ಟು," ಅಂದರು ಅಪ್ಪ. ನಾನು ಹೂಂ ಅಂದೆ.

ಎಂಟು ದಿನ ಕಳೆದಿರಬೇಕು. ಕುರುಗೋಡಿನ ಗಾಡಿಯವನೊಬ್ಬ ಶಾಲೆಗೇ ಬಂದು ಮಾವನ ಕಾಗದ ಕೊಟ್ಟ. "ಸಿರುಗುಪ್ಪದಾಗ ವಾಂತಿಭೇದಿ ಬಂದೈತ್ರಿ ಮೇಷ್ಟ್ರ. ಲಗೂನ ಬಂದು ಕರ್ಕೊಂಡು ಹೋಗ್ರಿ ಅಂತ ಹೇಳ್ಯಾರ."

ಕಾಗದವನ್ನು ಅಪ್ಪನಿಗೆ ತೋರಿಸಲಿಲ್ಲ. ತೋರಿಸಿದರೆ ಬೇಡ ಅನ್ನುತ್ತಾರೆ, ಆಮೇಲೆ ಅವರ ಮಾತು ಮೀರಬೇಕಾಗುತ್ತದೆ. ಆ ಧೈರ್ಯ ನನಗಿರಲಿಲ್ಲ. ಇನ್ನು ಹನ್ನೆರಡು ದಿನ ತಾನೆ ಅಂದುಕೊಂಡು, ಶುಕ್ರ ಬಲಕ್ಕಿದ್ದಾನೆ, ತಡೆಯಿರಿ ಎಂದು ಮಾವನಿಗೆ ಬರೆದು ಅದೇ ಗಾಡಿಯವನ ಕೈಗೆ ಕೊಟ್ಟೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿದ್ದು.

ಅದಾದ ಒಂಬತ್ತನೆಯ ದಿನ ಮಾವ ಕೂಸನ್ನು ಎತ್ತಿಕೊಂಡು ಬಂದರು. ಕೂಸನ್ನು ಮಾತ್ರ. ಅವಳನ್ನು ಹಿಂದಿನ ದಿನವೇ ಮಣ್ಣು ಮಾಡಿದ್ದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಕೂಸಿಗೆ ಹಾಲು ಯಾವ ಮನೆಯಿಂದ ತರುವುದು ಎಂದಷ್ಟೇ ಕೇಳಿದೆ.

ಆಮೇಲೆ ಆ ಕಾಗದವನ್ನು ಅಪ್ಪನ ಮುಂದಿಟ್ಟೆ. ಓದಿ, ಮಡಚಿ ನನ್ನ ಕೈಗೇ ಕೊಟ್ಟರು.

"ಊರಿಗೆ ರೋಗ ಬಂದಾಗ ಶುಕ್ರನ ದೋಷ ಇಲ್ಲಲೇ. ಶಾಸ್ತ್ರದಾಗ ಐತಿ. ಒಂದು ಮಾತು ಕೇಳಿದ್ದರ ನಾನ ಗಾಡಿ ಕಟ್ಟಿ ಕಳಸ್ತಿದ್ದೆ."

ಅಪ್ಪ ಹೇಳಿದ್ದ ದಿನಕ್ಕೆ ಸರಿಯಾಗಿ, ಬೆಳಗಾಗುವ ಮುಂಚೆ, ಶುಕ್ರ ಪೂರ್ವದಲ್ಲಿ ಮೂಡಿದ. ಸಿರುಗುಪ್ಪದಿಂದ ಬರುವವರಿಗೆ ಎಡಕ್ಕೆ. ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನೋಡುತ್ತ ನಿಂತೆ. ಬರುವವರು ಯಾರೂ ಇರಲಿಲ್ಲ.