ಕನ್ನಡಕ ತೆಗೆದು ಆಡಿದ ಮಾತು

ಅವರ ಮೂಗಿನ ಎರಡೂ ಪಕ್ಕ ಒಂದೊಂದು ಕುಳಿಯಿತ್ತು. ದಪ್ಪ ಗಾಜಿನ ಕನ್ನಡಕ ವರ್ಷಗಟ್ಟಲೆ ಕೂತು ಆದ ಕುಳಿ. ಉಳಿದ ಮುಖಕ್ಕಿಂತ ಬೆಳ್ಳಗೆ, ಹುಣಸೆಬೀಜದಷ್ಟು ಅಗಲ. ಕನ್ನಡಕ ತೆಗೆದು ಮೇಜಿನ ಮೇಲೆ ಮಗುಚಿಟ್ಟರೆಂದರೆ ಆ ಕುಳಿಗಳು ಕಾಣುತ್ತಿದ್ದವು, ತರಗತಿಗೆ ಬೇರೊಬ್ಬ ಮನುಷ್ಯ ಬಂದಿರುತ್ತಿದ್ದ. ಕ್ಯಾಲಿಫೋರ್ನಿಯಾದ ಒಬ್ಬ ಗೃಹಿಣಿ, ಟೆಕ್ಸಸ್ಸಿನ ಒಬ್ಬ ಪಾದ್ರಿ, ತೆರಿಗೆಯ ಹೆಸರೆತ್ತಿದರೆ ಕೆಂಡವಾಗುವ ಓಹಾಯೋದ ಹಾರ್ಡ್‌ವೇರ್ ಅಂಗಡಿಯವ. ಕನ್ನಡಕ ಮತ್ತೆ ಏರಿತೆಂದರೆ ನಮ್ಮ ಮಾಸ್ತರರು.

ವಿಜಯಪುರದ ಕಡೆಯವರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅನ್ನಕ್ಕೆ ಇಂಗ್ಲಿಷ್. ಮಲೇಷ್ಯಾದ ನಿಲಾಯ್ ಹತ್ತಿರದ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಅಮೆರಿಕದ ಬಲಪಂಥದ ಪಾಠ ಹೇಳುತ್ತಿದ್ದರು: ಅದು ಹೇಗೆ ಹುಟ್ಟಿತು, ತನ್ನ ದೇಶದೊಳಗೆ ಏನು ಮಾಡಿತು, ಹೊರಗಿನವರಿಗೆ ಏನು ಮಾಡಿತು. ಗಂಡನ ಐಟಿ ಕೆಲಸದ ಬೆನ್ನಿಗೆ ಮೈಸೂರಿನಿಂದ ಪೆಟಾಲಿಂಗ್ ಜಯಾಕ್ಕೆ ಬಂದಿದ್ದ ನನಗೆ ದುಡಿಯಲು ಅನುಮತಿ ಇರಲಿಲ್ಲ, ಓದಲು ಇತ್ತು. ಹಾಗಾಗಿ ಅಲ್ಲಿ ಸೇರಿದೆ.

ಅವರು ಮೊದಲ ಸಲ ಮಾತಾಡಿಸಿದ ನೆನಪು ನನ್ನಲ್ಲಿ ಎರಡು ಬಗೆಯಾಗಿದೆ. ಒಂದರಲ್ಲಿ ಅವರು ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ನೋಡಿ, "ಯಾವೂರಾಕಿವಾ ನೀ?" ಎಂದು ಇಡೀ ತರಗತಿಯ ಮುಂದೆ ಕನ್ನಡದಲ್ಲಿ ಕೇಳುತ್ತಾರೆ. ಇನ್ನೊಂದರಲ್ಲಿ ಅದು ಕಾರಿಡಾರಿನಲ್ಲಿ, ತಿಂಗಳ ಮೇಲೆ. ಮೊದಲನೆಯದು ಚೆಂದ, ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಪ್ರಶ್ನೆ ಮಾತ್ರ ಎರಡರಲ್ಲೂ ಒಂದೇ.

ಅಮೆರಿಕದ ಅರವತ್ನಾಲ್ಕರ ಚುನಾವಣೆಯಿಂದ ಅವರ ಪಾಠ ಶುರುವಾಗುತ್ತಿತ್ತು. ಬಲಪಂಥದ ಅಭ್ಯರ್ಥಿ ಐವತ್ತರಲ್ಲಿ ಆರೇ ರಾಜ್ಯ ಗೆದ್ದು ಮಕಾಡೆ ಬಿದ್ದ. ಪಂಡಿತರೆಲ್ಲ ಆ ಪಂಥ ಸತ್ತಿತೆಂದು ಬರೆದರು. ಹದಿನಾರು ವರ್ಷಕ್ಕೆ ಅದೇ ಪಂಥದ ಒಬ್ಬ ಮಾಜಿ ಸಿನಿಮಾ ನಟ ಅಧ್ಯಕ್ಷನಾದ. ನಡುವೆ ಏನಾಯಿತು? ಇದನ್ನವರು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕಾಲೇಜಿನೆದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಮುಂದಿಟ್ಟುಕೊಂಡು ನನಗೊಬ್ಬಳಿಗೇ ಮತ್ತೊಮ್ಮೆ ಕನ್ನಡದಲ್ಲಿ ಹೇಳುತ್ತಿದ್ದರು.

"ಸೋತ ಮರುದಿವಸ ಅವರು ಏನ್ ಮಾಡಿದ್ರು ಅದನ್ನ ನೋಡವಾ. ಆ ಪಂಥದ ಹೆಣ್ಮಕ್ಕಳು ಅಡಗಿಮನ್ಯಾಗ ಕುಂತು ಪ್ರಚಾರದ ಲಕೋಟಿ ಅಂಟಿಸಿದ್ರು. ಸಾವಿರಗಟ್ಟಲೆ. ಟಿವಿಯವ ನಕ್ಕ, ಪ್ರೊಫೆಸರ್ ನಕ್ಕ. ನಗೂ ಮಂದಿ ಲಕೋಟಿ ಅಂಟಿಸಂಗಿಲ್ಲ."

"ಅಂದ್ರೆ ನಿಮಗೆ ಅವರು ಇಷ್ಟಾನಾ ಸರ್?"

"ಲಕೋಟಿ ಇಷ್ಟ. ಒಳಗಿನ ಕಾಗದ ಅಲ್ಲ."

ಆ ಪಂಥವನ್ನು ಅವರು ಒಂದು ಮನೆಯಂತೆ ವಿವರಿಸುತ್ತಿದ್ದರು. ಮೂವರು ಅಣ್ಣತಮ್ಮಂದಿರು, ಒಂದೇ ಒಲೆ. ಒಬ್ಬನಿಗೆ ವ್ಯಾಪಾರ: ತೆರಿಗೆ ಇಳಿಸಿ, ಸರ್ಕಾರ ದೂರ ಇರಲಿ. ಒಬ್ಬನಿಗೆ ದೇವರು: ಶಾಲೆಯಲ್ಲಿ ಪ್ರಾರ್ಥನೆ ಬೇಕು, ಗರ್ಭಪಾತ ಬೇಡ. ಒಬ್ಬನಿಗೆ ಬಂದೂಕು: ಜಗತ್ತಿನಲ್ಲೆಲ್ಲ ಕಮ್ಯುನಿಸ್ಟರನ್ನು ಬಗ್ಗುಬಡಿಯಬೇಕು. ಮೂವರಿಗೂ ಮಾತೇ ಕೂಡುವುದಿಲ್ಲ, ಆದರೆ ಕಮ್ಯುನಿಸ್ಟನೆಂದರೆ ಮೂವರಿಗೂ ಆಗುವುದಿಲ್ಲ. "ವೈರಿ ಇರೂ ಮಟ ಒಲಿ ಒಂದ. ವೈರಿ ಹ್ವಾದ ಅಂದ್ರ ಭಾಂಡೆದ ಸಪ್ಪಳ ಶುರು." ಹೀಗೆಂದು ಅವರು ಮೈದಾದ ರೋಟಿ ಚನಾಯ್ ಹರಿದು ದಾಲ್‌ನಲ್ಲಿ ಅದ್ದುವರು, ಮುಖ ಕಿವುಚುವರು. "ಇದಕ್ಕ ರೊಟ್ಟಿ ಅಂತಾರಲ್ಲವಾ, ನಮ್ಮ ಜ್ವಾಳ ಕೇಳಿದ್ರ ಕೋರ್ಟಿಗಿ ಹೊಕ್ಕೈತಿ."

ಪ್ರಬಂಧಕ್ಕೆ ಅವರದೊಂದು ಕಡ್ಡಾಯವಿತ್ತು. ನಾವು ಒಪ್ಪದವರ ವಾದವನ್ನು ಮೊದಲ ಪುಟದಲ್ಲಿ ಬರೆಯಬೇಕು, ಆ ಮನುಷ್ಯ ಓದಿದರೆ "ಹೌದು, ಇದು ನಾನೇ" ಎನ್ನುವಂತೆ. ಅವರು ಕನ್ನಡಕ ತೆಗೆದು ಓದುವರು, ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು, ಆ ಗೃಹಿಣಿಯಾಗಿ, ಪಾದ್ರಿಯಾಗಿ. ಹಿಡಿಸದಿದ್ದರೆ ಅಂಚಿನಲ್ಲಿ ಒಂದೇ ಮಾತು: ಇದು ನಾನಲ್ಲ. ಅಂಥದ್ದು ನನಗೆ ಆರು ಸಲವೋ ಏಳು ಸಲವೋ ಬಂತು. ಬೈದಿದ್ದೀಯ, ಬರೆದಿಲ್ಲ ಎನ್ನುತ್ತಿದ್ದರು. "ಬೈಯಾಕ ಪದವಿ ಯಾಕ ಬೇಕ? ನಮ್ಮ ಓಣ್ಯಾಗ ನೀರಿನ ನಳದ ಮುಂದ ಪುಕ್ಕಟ ಕಲಸ್ತಾರ."

ಅವರ ಜೀವ ಇದ್ದದ್ದು ಪೆನಾಂಗ್ ದ್ವೀಪದಲ್ಲಿ. ಅಲ್ಲಿನ ಬಯಾನ್ ಲೆಪಾಸ್‌ನಲ್ಲಿ ಮಗಳ ಮನೆ. ಅಳಿಯ ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಐದು ವರ್ಷದ ಮೊಮ್ಮಗಳು. ಹೆಂಡತಿ ತೀರಿದ ಮೇಲೆ ಈ ವಯಸ್ಸಿನಲ್ಲಿ ಮಲೇಷ್ಯಾಕ್ಕೆ ಬಂದದ್ದೇ ಆ ಮಗುವಿಗಾಗಿ. ಎರಡು ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಕನ್ನಡ ಅಕ್ಷರ ತಿದ್ದಿಸಿ ಬರುವರು. ಇವರು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು. ಕಾಲೇಜಿನ ಒಪ್ಪಂದ ಇದ್ದರೆ ಇಲ್ಲಿ ದುಡಿಯುವ ಪಾಸು, ಪಾಸು ಇದ್ದರೆ ಈ ದೇಶ, ಈ ದೇಶ ಇದ್ದರೆ ಆ ಮಗು. ಇದನ್ನು ಅವರೇ ನನಗೆ ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಇದು.

ಗಾಜಾದ ಯುದ್ಧದ ದಿನಗಳು. ಕಾಲೇಜಿನ ಗೇಟಿನಲ್ಲಿ ಪರಿಹಾರದ ಡಬ್ಬಿ, ಕ್ಯಾಂಟೀನಿನಲ್ಲಿ ಬಹಿಷ್ಕಾರದ ಪಟ್ಟಿ. ಅಮೆರಿಕ ಯಾಕೆ ಆಯುಧ ಕೊಡುತ್ತದೆ ಎಂದು ಯಾರೋ ಸಿಟ್ಟಿನಿಂದಲೇ ಕೇಳಿದರು. ಮಾಸ್ತರರು ಕನ್ನಡಕ ತೆಗೆದರು. ಟೆಕ್ಸಸ್ಸಿನ ಪಾದ್ರಿ ಎಳೆದೆಳೆದು ಮಾತಾಡಿದ: ದೇವರು ಆ ನೆಲವನ್ನು ಯಾರಿಗೆ ಕೊಟ್ಟನೆಂದು ನಮಗೆ ಎಳವೆಯಲ್ಲೇ ಕಲಿಸಿದ್ದಾರೆ, ಅವರು ಬಾಂಬು ಕೇಳಿದರೆ ಕೊಡಬೇಕು, ಇದು ರಾಜಕೀಯವಲ್ಲ, ಪ್ರಾರ್ಥನೆ. ಆಮೇಲೆ ಕನ್ನಡಕ ಹಾಕಿಕೊಂಡು, ರಾಜಕೀಯದಿಂದ ದೂರವಿದ್ದ ಪಾದ್ರಿಗಳನ್ನು ಎಪ್ಪತ್ತರ ದಶಕದಲ್ಲಿ ಯಾರು ಹೇಗೆ ಒಳಗೆ ಕರೆದುಕೊಂಡರು, ಆ ಪ್ರಾರ್ಥನೆಯ ಬೆಲೆಯನ್ನು ಯಾರ ಮಕ್ಕಳು ತೆರುತ್ತಿದ್ದಾರೆ ಎಂದು ಒಂದು ಗಂಟೆ ಬಿಡಿಸಿದರು. ಕೊನೆಗೆ ಅವರ ದನಿ ಒಡೆದಿತ್ತು.

ನಾನು ಫೋನಿನಲ್ಲಿ ಹಿಡಿದದ್ದು ಪಾದ್ರಿಯನ್ನು ಮಾತ್ರ. ನಲವತ್ತೆಂಟು ಸೆಕೆಂಡು, ಬರೀ ದನಿ. "ನಮ್ಮ ವಿಜಯಪುರದ ಮಾಸ್ತರರ ಟೆಕ್ಸಸ್ ಇಂಗ್ಲಿಷ್ ಕೇಳಿ!" ಎಂದು ಕನ್ನಡದಲ್ಲಿ ಬರೆದು ಇಲ್ಲಿನ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಮ್ಮೆ, ಬೇರೇನಿಲ್ಲ. ಯಾರೋ ಅದನ್ನು ಮುಂದೆ ಕಳಿಸಿದರು. ಮುಂದೆ ಹೋಗುವಾಗ ನನ್ನ ಕನ್ನಡದ ಸಾಲು ಉದುರಿತು. ದನಿಯಲ್ಲಿ ಕನ್ನಡಕ ಕಾಣುವುದಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ವಾರದೊಳಗೆ ಅದು ನಮ್ಮ ಕಾಲೇಜಿಗೇ ತಿರುಗಿ ಬಂತು: ಇಲ್ಲಿನ ಒಬ್ಬ ಮುಸ್ಲಿಂ ಅಧ್ಯಾಪಕ ಬಾಂಬನ್ನು ಪ್ರಾರ್ಥನೆ ಎನ್ನುತ್ತಾನೆ ಎಂದು.

ದೂರು ಕೊಟ್ಟವಳು ನಮ್ಮ ತರಗತಿಯವಳೇ, ಕೆಲಾಂತಾನ್ ರಾಜ್ಯದ ಕಡೆಯ ಮಲಯ್ ಹುಡುಗಿ. ಗೇಟಿನಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು. ಆ ದಿನ ತರಗತಿಗೆ ಬಂದಿರಲಿಲ್ಲ. ವಿಚಾರಣೆಗೆ ಸಮಿತಿ ಕೂತಿತು. ಮಾಸ್ತರರ ಪರ ಒಬ್ಬ ವಿದ್ಯಾರ್ಥಿ ಹೇಳಿಕೆ ಬರೆದುಕೊಡಬಹುದೆಂದಿತು. ಅವರು ನನ್ನನ್ನು ಕರೆದರು.

"ಎರಡು ಪುಟ ಬರಿ. ಮೊದಲನೇದು ಆಕಿದು. ಆಕಿ ಓದಿ ಸಹಿ ಹಾಕೂ ಮಟ ಎರಡನೇದು ಮುಟ್ಟಬ್ಯಾಡ."

"ಸರ್, ಇದು ಪ್ರಬಂಧ ಅಲ್ಲ. ನಿಮ್ಮ ಕೆಲಸ ಹೋಗುತ್ತೆ!"

"ಹೌದಲ್ಲವಾ, ಅದಕ್ಕ ಚೊಲೋ ಬರಿ."

ಕ್ಲಿಪ್ ನನ್ನದೆಂದು ಆಗಲೇ ಹೇಳಬೇಕಿತ್ತು. ನನ್ನ ಫೋನಿನಿಂದ ಅದನ್ನು ಅಳಿಸಿಹಾಕಿದ್ದೆ.

ಮಾಮಕ್ ಅಂಗಡಿಯಲ್ಲಿ ಆ ಹುಡುಗಿಯ ಎದುರು ಕೂತೆ. ನನ್ನನ್ನು ಅವಳು 'ಕಾಕ್' ಎನ್ನುತ್ತಿದ್ದಳು, ಅಕ್ಕ ಎಂದು; ಮಾತಿನ ತುದಿಗೆ ಇಲ್ಲಿಯವರಂತೆ ಒಂದು 'ಲಾ' ಹಚ್ಚುತ್ತಿದ್ದಳು. ಮೊದಲ ಕರಡನ್ನು ಓದಿ ತಳ್ಳಿದಳು. "ಇದು ನಾನಲ್ಲ, ಕಾಕ್." ಎರಡನೆಯದನ್ನೂ ತಳ್ಳಿದಳು. ಮೂರನೆಯದನ್ನು ಎರಡು ಸಲ ಓದಿದಳು.

"ಅವರು ಹಾಗೆ ಹೇಳಿದ್ದಕ್ಕೆ ಸಿಟ್ಟಲ್ಲ ಲಾ. ಅಷ್ಟು ಚೆನ್ನಾಗಿ ಹೇಳಿದ್ರಲ್ಲ, ಅದಕ್ಕೆ. ಆ ಕ್ಲಿಪ್ ಕೇಳ್ತಾ ಒಂದು ಕ್ಷಣ ನಾನೇ ನಂಬಿಬಿಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಅದನ್ನ ಬರಿ."

ಅದನ್ನು ಬರೆದೆ. ಸಹಿ ಹಾಕಿದಳು. ಇಡೀ ತರಗತಿಯಲ್ಲಿ ಏನು ನಡೆಯಿತೆಂದು ಎರಡನೆಯ ಪುಟದಲ್ಲಿ ಬರೆದು ನಾನು ಸಹಿ ಹಾಕಿದೆ. ಅವಳು ದೂರು ಹಿಂದೆಗೆದುಕೊಳ್ಳಲಿಲ್ಲ. ನಾನು ಕೇಳಲೂ ಇಲ್ಲ.

ಸಮಿತಿಯ ಉತ್ತರ ಮೂರು ಸಾಲಿನದು. ಅಧ್ಯಾಪಕರ ತಪ್ಪಿಲ್ಲ, ವಿದ್ಯಾರ್ಥಿನಿಯ ನೋವು ನಿಜವೆಂದು ಅವರ ಪರವಾದ ಹೇಳಿಕೆಯೇ ಹೇಳುತ್ತದೆ, ಮುಂದಿನ ಅವಧಿಗೆ ಈ ಪಾಠ ಇರುವುದಿಲ್ಲ. ಮಾಸ್ತರರು ನನ್ನ ಎರಡು ಪುಟ ಮತ್ತೊಮ್ಮೆ ತರಿಸಿ ಓದಿದರು. "ಮೊದಲನೇದು ಭಾಳ ಚೊಲೋ ಬರದೀ," ಎಂದರು. "ಎರಡನೇದು ಇನ್ನೊಂದೀಟು ಗಟ್ಟಿ ಬೇಕಿತ್ತು." ಇದನ್ನು ನಗುತ್ತ ಹೇಳಿದರೆಂದು ನನ್ನ ನೆನಪು. ನಗು ನಾನೇ ಸೇರಿಸಿಕೊಂಡದ್ದೂ ಇರಬಹುದು.

ಪಾಠದೊಡನೆ ಪಾಸೂ ಹೋಯಿತು. ಮಾಸ್ತರರು ಊರಿಗೆ ಹೊರಡುವ ಮುಂಚಿನ ವಾರ ಅವರನ್ನು ಕಾಣಲು ಬಯಾನ್ ಲೆಪಾಸ್‌ಗೆ ಹೋದೆ. ಅಮೆರಿಕದ ಹೊಸ ಸುಂಕದಿಂದ ಕಾರ್ಖಾನೆಗಳಲ್ಲೆಲ್ಲ ಆತಂಕ. ಅಳಿಯ ಶೂ ಬಿಚ್ಚುತ್ತಲೇ ಕೆಣಕಿದ. "ಮಾಮಾ, ನಿಮ್ಮ ಮಂದಿ ಮತ್ತ ನಮ್ಮ ಹೊಟ್ಟಿ ಮ್ಯಾಲ ಕಾಲಿಟ್ಟಾರ ನೋಡ್ರಿ."

"ಅವರ ಅಜ್ಜಗೋಳು ಸುಂಕ ಅಂದ್ರ ಪಾಪ ಅಂತಿದ್ರಪಾ. ಮೊಮ್ಮಕ್ಕಳು ಅದನ್ನ ಪುಣ್ಯ ಅಂತಾರ. ಒಲಿ ಒಡದೈತಿ."

"ಒಡದಿದ್ದು ಅವರ ಒಲಿ, ಆರಿದ್ದು ನಮ್ಮದು," ಎಂದು ಅವನು ಒಳಗೆ ಹೋದ.

ಬಾಲ್ಕನಿಯಲ್ಲಿ ನಾವಿಬ್ಬರೇ ಉಳಿದಾಗ ಹೇಳಿದೆ. "ಸರ್, ಆ ಕ್ಲಿಪ್ ಕಳಿಸಿದ್ದು ನಾನು."

"ಗೊತ್ತೈತಿ. ಅದರಾಗ ನೀ ನಕ್ಕೀ. ಕ್ಲಾಸೆಲ್ಲ ಗಪ್ಪಗಿತ್ತು, ಫೋನಿನ ಬಾಜೂಕ ಒಬ್ಬಾಕಿ ಕಿಸಕ್ ಅಂದ್ಲು. ಸಮಿತ್ಯಾಗ ಹಚ್ಚಿದ ಕೂಡಲೇ ಗೊತ್ತಾತು."

"ಹಾಗಿದ್ರೆ ಬರೆಯೋಕೆ ನನ್ನನ್ನೇ ಯಾಕೆ ಕರೆದ್ರಿ? ಗೊತ್ತು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀ ಕ್ಷಮಾಪಣೆ ಬರೀತಿದ್ದಿ. ನನಗ ವಾದ ಬೇಕಿತ್ತು."

ಒಳಗಿಂದ ಮೊಮ್ಮಗಳು ಕೂಗಿದಳು. ಅವರು ಎದ್ದು ಹೋದರು.

ಮರುವರ್ಷ ಅವರು ವಿಜಯಪುರದಲ್ಲಿ ತೀರಿಕೊಂಡರು. ಹೃದಯ ಎಂದರು. ಸುದ್ದಿ ತಲುಪಿದ ಸಂಜೆಗೇ ಮಣ್ಣಾಗಿತ್ತು. ಆದರೂ ಮಗಳು ಮಗುವಿನೊಡನೆ ಹೊರಟಳು. ಕೌಲಾಲಂಪುರದಲ್ಲಿ ವಿಮಾನ ಬದಲಿಸುವ ನಡುವೆ ಅವಳನ್ನು ಕಾಣಲು ವಿಮಾನ ನಿಲ್ದಾಣಕ್ಕೆ ಹೋದೆ. ಕೆಲಸ ಕಳೆದದ್ದು ಹೇಗೆಂದು ಅಬ್ಬಾ ಸರಿಯಾಗಿ ಹೇಳಲೇ ಇಲ್ಲ, ಯಾರೋ ಹುಡುಗರ ಕಿತಾಪತಿ ಎಂದಷ್ಟೇ ಅಂದಿದ್ದರು ಎಂದಳು. ಹುಡುಗರಲ್ಲ, ನಾನು ಎಂದೆ. ಯಾಕೆ ಕಳಿಸಿದೆನೆಂದೂ ಹೇಳಿದೆ. ಅವಳು ಮಗುವಿನ ಚೀಲದ ಜಿಪ್ಪನ್ನು ಎಳೆದಳು, ಬಿಚ್ಚಿದಳು, ಮತ್ತೆ ಎಳೆದಳು.

"ಅಬ್ಬಾ ಪಾಠ ಹೇಳೂದು ನಾನು ಒಮ್ಮೆನೂ ಕೇಳಿಲ್ಲ. ಆ ಕ್ಲಿಪ್ ನಿಮ್ಮ ಹತ್ರ ಐತೇನ್ರಿ?"

ಊರೆಲ್ಲ ಸುತ್ತಿದ್ದ ಆ ದನಿ ನನ್ನಲ್ಲಿ ಮಾತ್ರ ಇರಲಿಲ್ಲ. ನಾಚಿಕೆ ನುಂಗಿ ಕೆಲಾಂತಾನ್ ಹುಡುಗಿಗೆ ಮೆಸೇಜ್ ಮಾಡಿದೆ: ಮಾಸ್ತರರು ಹೋದರು, ಮಗಳು ಕೇಳುತ್ತಿದ್ದಾಳೆ, ನಿನ್ನಲ್ಲಿ ಆ ಕ್ಲಿಪ್ ಇದೆಯಾ? ಒಂದು ನಿಮಿಷದೊಳಗೆ ಕ್ಲಿಪ್ ಬಂತು. ಅದರ ಹಿಂದೆಯೇ ಅವಳ ಸಾಲುಗಳು.

"ಇಟ್ಟುಕೊಂಡಿದ್ದೇನೆ ಕಾಕ್. ಕೇಳುತ್ತ ಆ ಪಾದ್ರಿಗೆ ಉತ್ತರ ಬರೆಯುತ್ತಿರುತ್ತೇನೆ. ಇನ್ನೂ ಪೂರ್ತಿ ಸಿಕ್ಕಿಲ್ಲ ಲಾ."