ಬೆಲ್ಲ ಮರೆತ ಹಾಲುಬಾಯಿ

ಕಳೆದ ನವೆಂಬರಿನ ಒಂದು ಶನಿವಾರ ಬೆಳಗ್ಗೆ, ನಾವಿರುವ ಜರ್ಮನ್‌ಟೌನಿನಿಂದ ಸ್ವಲ್ಪ ದೂರದ ಕೊರಿಯನ್ ಅಂಗಡಿಯಲ್ಲಿ, ತೋಫು ಇಟ್ಟಿರುವ ತಣ್ಣನೆಯ ಕಪಾಟಿನ ಮುಂದೆ ನಾನು ನಿಂತಿದ್ದೆ. ಎಡಗೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು. ಏಪ್ರನ್ ತೊಟ್ಟ ಹೆಂಗಸೊಬ್ಬರು ರುಚಿ ನೋಡಿ ಎಂದು ಪುಟ್ಟ ಕಾಗದದ ಬಟ್ಟಲು ಚಾಚಿದರು. ಅದರೊಳಗೆ ಬೂದು ಬಣ್ಣದ, ನಡುಗುತ್ತಿದ್ದ ಒಂದು ತುಂಡು. ಹುರಿದ ಎಳ್ಳಿನ ವಾಸನೆ ಮೂಗಿಗೆ ಬಡಿಯಿತು. ಬಾಯಿಗೆ ಹಾಕಿಕೊಳ್ಳುವ ಮೊದಲೇ ಪಕ್ಕದ ಮನೆಯ ಅಂಕಲ್ ತಮ್ಮ ಹಿತ್ತಲಿನ ಮರದ ಡೆಕ್ಕಿನ ಮೇಲೆ ಮಂಡಿಯೂರಿ ಕೂತದ್ದು ಕಣ್ಣ ಮುಂದೆ ಬಂತು. ಇಷ್ಟವಾಗಲಿಲ್ಲವೇ ಎಂದು ಆ ಹೆಂಗಸು ಕೇಳಿದರು. ಚೆನ್ನಾಗಿದೆ ಎಂದೆ. ಅದರ ಒಂದು ಪೊಟ್ಟಣ ತೆಗೆದುಕೊಂಡೆ.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಅಂಕಲ್ ಅವರ ಹೆಂಡತಿ ಆಂಟಿಯ ಬಾಯಿಂದ ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಅಂಕಲ್ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಬಹಳ ವರ್ಷ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಮೈಸೂರಿನವರು. ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ಅವರ ಮನೆಯ ಮಿಕ್ಸಿ ತಿರುಗಿದರೆ ನಮ್ಮ ಮನೆಯ ಗೋಡೆಗಡಿಯಾರ ನಡುಗುತ್ತಿತ್ತು. ಕೋವಿಡ್ಡಿನ ಮೊದಲ ವರ್ಷ ಎಲ್ಲರೂ ಮನೆಯೊಳಗೆ ಸೇರಿಕೊಂಡಿದ್ದಾಗ ಅವರಿಗೆ ಒಂದು ಹುಚ್ಚು ಹಿಡಿಯಿತು. ಜಪಾನಿನ ಯಾವುದೋ ಬೆಟ್ಟದ ಮೇಲೆ ಬೌದ್ಧ ದೇವಾಲಯಗಳ ಒಂದು ಸಣ್ಣ ಊರು. ಗಂಟೆಯ ಶಬ್ದ ಬಿಟ್ಟರೆ ಅಲ್ಲಿ ಬೇರೆ ಸದ್ದೇ ಇಲ್ಲವಂತೆ. ಅಲ್ಲೊಂದು ಹಳೆಯ ಊಟದ ಮನೆ. ಮೇಪಲ್ ಮರಗಳು ಕೆಂಪಾದಾಗ ತೋಟದ ಕಡೆಯ ಕೋಣೆಯನ್ನು ತೆರೆದು, ಮೊದಲ ಹಿಮ ಬಿದ್ದಾಗ ಮುಚ್ಚುತ್ತಾರಂತೆ. ಆ ಕೋಣೆಯಲ್ಲಿ ನೆಲದ ಮೇಲೆ ಕೂತು ಆಂಟಿಯ ಜೊತೆ ಒಂದು ಊಟ ಮಾಡಬೇಕು ಎಂಬುದು ಅಂಕಲ್ ಅವರ ಯೋಜನೆ.

ಜಪಾನಿನಲ್ಲಿ ಕುಡಿಯುವ ನೀರು ಬಿಟ್ಟು ಉಳಿದದ್ದರಲ್ಲೆಲ್ಲ ಮೀನಿರುತ್ತದೆ ಎಂದು ಆಂಟಿ ವಾದಿಸಿದರು. ಇದು ಸನ್ಯಾಸಿಗಳ ಅಡುಗೆ, ಮೀನಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ ಎಂದು ಅಂಕಲ್ ಉತ್ತರ ಕೊಟ್ಟರು.

"ನಮ್ಮ ಚಾತುರ್ಮಾಸ್ಯದ ಅಡುಗೆ ಇದ್ದ ಹಾಗೆ ಕಣೇ. ಒಗ್ಗರಣೆ ಒಂದಿಲ್ಲ, ಅಷ್ಟೇ."

"ಒಗ್ಗರಣೆ ಇಲ್ಲದ ಊಟಕ್ಕೆ ಪ್ಲೇನ್ ಹತ್ಬೇಕೇನ್ರೀ? ನಿಮ್ಮ ಮಂಡಿ ಆಪರೇಷನ್ನಲ್ಲಿ ಆಸ್ಪತ್ರೆಯವರು ರೂಮಿಗೇ ತಂದು ಕೊಟ್ಟಿದ್ರಲ್ಲ."

ಅಂಕಲ್ ಸೋಲುವವರಲ್ಲ. ಫೋನಿನಲ್ಲಿ ಜಪಾನಿ ಭಾಷೆ ಕಲಿಯತೊಡಗಿದರು. ಒಂದು ಸಂಜೆ ಅವರ ಮನೆಯ ಸ್ಟೀಲ್ ಡಬ್ಬಿ ಹಿಂದಿರುಗಿಸಲು ಹೋದಾಗ, ಅಡುಗೆಮನೆಯ ಕಿಟಕಿಯಲ್ಲಿ ಅವರು ಫೋನ್ ಹಿಡಿದುಕೊಂಡು ಗೋಡೆಗೆ ಬಾಗಿ ಬಾಗಿ ನಮಸ್ಕರಿಸುತ್ತಿದ್ದುದನ್ನು ಕಂಡೆ. ಆ ಊಟದ ಮನೆಯ ಒಡತಿಯ ಜೊತೆ ಮಾತಾಡುತ್ತಿದ್ದರು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೊರದೇಶದವರನ್ನು ಒಳಗೆ ಬಿಡುತ್ತಿಲ್ಲ, ಬರುವ ವರ್ಷವೂ ಎಲೆ ಕೆಂಪಾಗುತ್ತದೆ, ಆಗ ಬನ್ನಿ ಎಂದರಂತೆ. ಮರುವರ್ಷವೂ ಅದನ್ನೇ ಹೇಳಿದರು. ಅಂಕಲ್ ಮರುವರ್ಷವೂ ಗೋಡೆಗೆ ಬಾಗಿದರು.

ಯಾಕೆ ಇಷ್ಟು ಹಟ ಎಂದು ನನಗೆ ತಿಳಿದದ್ದು ಕಾರಿನಲ್ಲಿ. ಅವರ ಎರಡೂ ಮಂಡಿಗೆ ಲೋಹ ಹಾಕಿದ್ದರು. ಫಿಸಿಯೋಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಐ-ಟು-ಸೆವೆಂಟಿ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿತ್ತು. ಆ ಊಟದ ಮನೆಯಲ್ಲಿ ಕುರ್ಚಿಯ ಕೋಣೆಯೂ ಇದೆಯಲ್ಲ, ಅಲ್ಲೇ ಕೂತರಾಗದೇ ಎಂದು ಕೇಳಿದೆ. ಕುರ್ಚಿಯಿಂದ ಅವಳು ಸಲೀಸಾಗಿ ಎದ್ದುಬಿಡುತ್ತಾಳೆ ಎಂದರು. ನನಗೆ ಅರ್ಥವಾಗಲಿಲ್ಲ.

"ಇವಳು ಬಿಸಿ ಊಟ ಮಾಡಿದ್ದನ್ನ ನಾನು ನೋಡೇ ಇಲ್ಲ ಕಣಯ್ಯ," ಎಂದರು. "ಮದುವೆ ಆದಾಗಿಂದ. ಬಡಿಸ್ತಾಳೆ, ಉಪ್ಪಿನಕಾಯಿಗೆ ಏಳ್ತಾಳೆ, ತುಪ್ಪಕ್ಕೆ ಏಳ್ತಾಳೆ. ನಾನು ಕೈ ತೊಳ್ಕೊಳ್ಳೋ ಹೊತ್ತಿಗೆ ಅವಳು ಕೂರೋದು. ಅಲ್ಲಿ ಎಲ್ಲಾನೂ ಒಂದೇ ಟ್ರೇನಲ್ಲಿ ತಂದು ಮುಂದೆ ಇಡ್ತಾರೆ. ಬಡಿಸೋ ಹಾಗೇ ಇಲ್ಲ. ಅಡುಗೆಮನೆಗೆ ಹೊರಗಿನವರನ್ನ ಬಿಡಲ್ಲ. ಎಲ್ಲಿಗೆ ಏಳ್ತಾಳೆ?"

ನಾನು ಕೇಳಿದೆ: "ಅಂಕಲ್, ಇಲ್ಲೇ ಒಂದು ದಿನ ನೀವೇ ಬಡಿಸಬಹುದಲ್ವಾ?"

ಅವರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಕಾರುಗಳು ತೆವಳಿದವು, ನಮ್ಮ ಎಕ್ಸಿಟ್ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು: "ಅದು ಹೊಳೆದಿರಲಿಲ್ಲ."

ಹೆಂಡತಿಗೆ ಬಿಸಿ ಊಟ ಹಾಕಲು ಅವರಿಗೆ ಶಾಂತಸಾಗರ ದಾಟುವ ದಾರಿ ಹೊಳೆದಿತ್ತು... ಬಡಿಸುವ ದಾರಿ ಹೊಳೆದಿರಲಿಲ್ಲ.

ಹಾಗೆ ಹುಟ್ಟಿದ್ದು ರಿಹರ್ಸಲ್. ಜಪಾನನ್ನು ಅವರು ಕೈಬಿಡಲಿಲ್ಲ. ಅಲ್ಲಿ ಆಂಟಿ ಏಳದಂತೆ ಇಲ್ಲಿಯೇ ಅಭ್ಯಾಸ ಮಾಡಿಸುವುದು ಎಂದು ತೀರ್ಮಾನವಾಯಿತು. ಅಡುಗೆ ಪೂರ್ತಿ ಅಂಕಲ್ ಅವರದು. ಆ ಊಟದ ರಾಜನೆಂದರೆ ಎಳ್ಳಿನ ತೋಫು. ಎಳ್ಳನ್ನು ರುಬ್ಬಿ, ಸೋಸಿ, ಪಿಷ್ಟ ಹಾಕಿ ಕೈಬಿಡದೆ ಗೊಟಾಯಿಸಿ, ತಟ್ಟೆಗೆ ಸುರಿದು ಆರಿಸುವುದು. ಮೊದಲ ಸಲ ಮಾಡಿದ್ದು ಗೋಡೆಯ ತೂತು ಮುಚ್ಚಲು ತಕ್ಕಂತಿತ್ತು. ಎರಡನೆಯದನ್ನು ಕುಡಿಯಬಹುದಿತ್ತು. ಗೋಡೆಯ ಈಚೆಗೆ ನಮ್ಮ ಗಡಿಯಾರ ವಾರಗಟ್ಟಲೆ ನಡುಗಿತು. ಕೊನೆಗೊಮ್ಮೆ ಸರಿಯಾಗಿ ಹೆಪ್ಪುಗಟ್ಟಿದಾಗ ಆಂಟಿ ಚೂರು ಬಾಯಿಗೆ ಹಾಕಿಕೊಂಡು, "ಹಾಲುಬಾಯಿ ಮಾಡಿ ಬೆಲ್ಲ ಮರೆತಿದ್ದೀರಿ," ಎಂದರು.

ಅಕ್ಟೋಬರಿನ ಕೊನೆಯ ಒಂದು ಭಾನುವಾರ ಮಧ್ಯಾಹ್ನ ನನಗೂ ನನ್ನ ಹೆಂಡತಿಗೂ ಕರೆ ಬಂತು. ಅವರ ಮನೆಯ ಹಿಂದೆ, ಡೆಕ್ಕಿಗೆ ಒರಗಿದಂತೆ ಒಂದು ಕೆಂಪು ಮೇಪಲ್ ಮರ. ಜಪಾನಿನಲ್ಲಿ ಜನ ಇದನ್ನು ನೋಡಲು ಬುಕಿಂಗ್ ಮಾಡಿ ಬರುತ್ತಾರೆ, ಇಲ್ಲಿ ಮಿಷನ್ ತಂದು ಉದುರಿದ ಎಲೆಯನ್ನು ಊದಿ ತಳ್ಳುತ್ತಾರೆ ಎಂದು ಅಂಕಲ್ ಬೈದುಕೊಂಡರು. ಯೋಗದ ಮ್ಯಾಟುಗಳ ಮೇಲೆ ದಿಂಬು ಹಾಕಿ ನಮ್ಮನ್ನು ಕೂರಿಸಿದರು. ನಡುವೆ ಆಂಟಿ, ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ನನ್ನ ಹೆಂಡತಿ. ನಿಯಮ ಹೇಳಿದರು: ಮಾತಿಲ್ಲ, ಬಡಿಸುವುದಿಲ್ಲ, ಊಟ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ.

ನಮ್ಮ ಟ್ರೇಗಳನ್ನು ನಿಂತೇ ಬಗ್ಗಿ ಕೊಟ್ಟರು. ಆಂಟಿಯದನ್ನು ಕೊನೆಗೆ ತಂದರು. ಅದರ ಮೇಲೆ ಅಣಬೆಯ ತಿಳಿಸಾರು ಹಬೆಯಾಡುತ್ತಿತ್ತು. ಅನ್ನ, ಕರಿದ ಕುಂಬಳಕಾಯಿ, ಎಳ್ಳಿನ ತೋಫು, ಅದರ ಪಕ್ಕದಲ್ಲಿ ಒಂದು ಮೇಪಲ್ ಎಲೆ. ಅಲ್ಲಿಯ ಪರಿಚಾರಕಿಯರು ಮಂಡಿಯೂರಿಯೇ ಟ್ರೇ ಇಡುವುದಂತೆ. ಅಂಕಲ್ ಒಂದು ಮಂಡಿ ಊರಿದರು. ಇನ್ನೊಂದನ್ನೂ ಊರಿದರು. ಒಂದು ಹನಿ ಚೆಲ್ಲದಂತೆ ಟ್ರೇ ಇಟ್ಟು, ಹಣೆ ನೆಲಕ್ಕೆ ಹತ್ತಿರವಾಗುವಷ್ಟು ಬಾಗಿದರು.

ಮೇಲೇಳಲು ಆಗಲಿಲ್ಲ.

ಮೊದಲು ಅದು ನಮಸ್ಕಾರ ಎಂದೇ ತಿಳಿದೆವು. ನಮಸ್ಕಾರ ಉದ್ದವಾಯಿತು. ಅಂಕಲ್ ಎರಡೂ ಅಂಗೈ ಹಲಗೆಗೆ ಊರಿ ನಾಲ್ಕು ಕಾಲಿನಲ್ಲಿ ನಿಂತರು. ಮಾತಾಡಬಾರದೆಂಬ ನಿಯಮ ತಾವೇ ಮಾಡಿದ್ದರಿಂದ ಹುಬ್ಬಿನಿಂದ ನನಗೆ ಸನ್ನೆ ಮಾಡಿದರು. ನಾನು ಏಳಹೊರಟೆ. ಅಷ್ಟರಲ್ಲಿ ಆಂಟಿಯ ಬಲಗೈ ನೆಲ ಒತ್ತಿತು. ಅದು ಅಭ್ಯಾಸದ ಕೈ, ತುಪ್ಪಕ್ಕೂ ಉಪ್ಪಿನಕಾಯಿಗೂ ಏಳುವ ಕೈ. ದೇಹ ಅರ್ಧ ಮೇಲೆದ್ದಿತ್ತು. ಆಗ ಅವರು ಸಾರಿನ ಹಬೆ ನೋಡಿದರು... ಮತ್ತೆ ಕೂತರು. ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು.

"ಇರಿ," ಎಂದರು, ಟ್ರೇಯಿಂದ ಕಣ್ಣು ಕೀಳದೆ. "ಮಧ್ಯದಲ್ಲಿ ಏಳಬಾರದು ಅಂತ ನೀವೇ ಅಲ್ವಾ ಹೇಳಿದ್ದು. ಬಿಸಿಯಾಗಿದೆ, ತಿಂದ್ಬಿಟ್ಟು ಬರ್ತೀನಿ."

ನನ್ನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಏಳಬೇಡ ಎಂದು ಅಂಕಲ್ ನನಗೆ ತಲೆಯಾಡಿಸಿದರು. ಆಂಟಿ ಆತುರವಿಲ್ಲದೆ ಉಂಡರು. ಸಾರು ಕುಡಿದರು, ಕುಂಬಳಕಾಯಿ ಮುಗಿಸಿದರು. ಸ್ವೆಟರಿನ ಜೇಬಿನಿಂದ ಪೊಟ್ಟಣ ತೆಗೆದು ಸನ್ಯಾಸಿಗಳ ತೋಫುವಿನ ಮೇಲೆ ಚಟ್ನಿಪುಡಿ ಉದುರಿಸಿಕೊಂಡರು. ಅಂಕಲ್ ಅದಕ್ಕೂ ಆಕ್ಷೇಪಿಸಲಿಲ್ಲ. ಆ ಹೊತ್ತಿಗೆ ಎಲೆ ಊದುವಾತ ಮಿಷನ್ ಬೆನ್ನಿಗೇರಿಸಿಕೊಂಡು ಬೇಲಿಯ ಬಳಿ ಬಂದ. ಊಟ ಮಾಡುತ್ತಿರುವ ಮಹಿಳೆಯ ಎದುರು ಹಿರಿಯರೊಬ್ಬರು ನಾಲ್ಕು ಕಾಲಿನಲ್ಲಿರುವುದನ್ನು ಕಂಡು ಮಿಷನ್ ಆಫ್ ಮಾಡಿ, ಟೋಪಿ ತೆಗೆದ. ಪೂಜೆ ಎಂದುಕೊಂಡನೋ ಏನೋ.

ಅಂಕಲ್ ಅವರ ಮುಖ ಆಗ ಹೇಗಿತ್ತು ಎಂದು ಬಹಳ ಸಲ ಯೋಚಿಸಿದ್ದೇನೆ. ಮಂಡಿ ನೋಯುತ್ತಿತ್ತು, ಅದು ಖಚಿತ, ಹಣೆ ಬೆವರಿತ್ತು. ಕಣ್ಣಲ್ಲಿ ನೀರಿತ್ತು. ಆದರೆ ಬಾಯಿ ಕಿವಿಯವರೆಗೂ ನಗುತ್ತಿತ್ತು. ಕಣ್ಣ ನೀರು ಮಂಡಿಯದೋ ನಗುವಿನದೋ ನಾನು ಹೇಳಲಾರೆ... ಆಂಟಿ ಕೊನೆಯ ತುತ್ತು ಮುಗಿಸಿದ ಮೇಲೆ ನಾನೂ ಎಲೆ ಊದುವಾತನೂ ಒಂದೊಂದು ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಿದೆವು. "ಪಾಸ್," ಎಂದರು ಅಂಕಲ್.

ಅದೇ ಚಳಿಗಾಲದಲ್ಲಿ ಅವರು ಹೋದರು. ಹೃದಯ. ಮಂಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮುಂದಿನ ಶರತ್ಕಾಲದಲ್ಲಿ ಜಪಾನ್ ಹೊರಗಿನವರಿಗೆ ಬಾಗಿಲು ತೆರೆಯಿತು.

ಕಳೆದ ನವೆಂಬರಿನ ಆ ಶನಿವಾರ ಅಂಗಡಿಯಿಂದ ಎಳ್ಳಿನ ತೋಫುವಿನ ಒಂದು ಪೊಟ್ಟಣ ತಂದು ಆಂಟಿಯ ಮನೆಗೆ ಹೋದೆ. ಊಟದ ಹೊತ್ತು. ಮೇಜಿನ ಮುಂದೆ ಕೂತಿದ್ದರು, ಅನ್ನ ಹಬೆಯಾಡುತ್ತಿತ್ತು. ನಾನು ಆ ಹಬೆ ನೋಡುತ್ತಿದ್ದುದನ್ನು ಅವರು ಗಮನಿಸಿದರು.

"ಈಗ ಬಿಸಿಯಾಗೇ ತಿಂತೀನಪ್ಪ," ಎಂದರು. "ಏಳೋದು ಯಾರಿಗೋಸ್ಕರ?"

ತೋಫುವಿನ ಚೂರು ಬಾಯಿಗೆ ಹಾಕಿಕೊಂಡು, ನಮ್ಮವರು ಮಾಡಿದ್ದೇ ವಾಸಿ ಎಂದರು. ಆಮೇಲೆ ಬಲಗೈಯನ್ನು ಮೇಜಿಗೆ ಒತ್ತಿ, ಇರು, ನಿನಗೊಂದು ತಟ್ಟೆ ತರುತ್ತೇನೆ ಎಂದು ಎದ್ದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಅಂದು ಡೆಕ್ಕಿನ ಮೇಲೆ ಅಂಕಲ್ ಅವರ ಮುಖ ಕಂಡವರು ನಾವು ಮೂವರು: ನಾನು, ನನ್ನ ಹೆಂಡತಿ, ಮತ್ತು ಈಗಲೂ ಪ್ರತಿ ಶರತ್ಕಾಲ ಬರುವ ಆ ಎಲೆ ಊದುವಾತ. ಮೂವರೂ ಇದ್ದೇವೆ. ಆಂಟಿಯನ್ನು ಇದರಲ್ಲಿ ಸೇರಿಸುವ ಹಾಗಿಲ್ಲ. ಅವರು ತಲೆ ಎತ್ತಲಿಲ್ಲ, ಊಟ ಮಾಡುತ್ತಿದ್ದರು.