ಮುಗಿಲಿಗೆ ಒಗೆದ ನಿಂಬೆಹಣ್ಣು

ತಡಸದ ಕರಬಸಪ್ಪನಿಗೆ ದೇವರು ಬಲಗೈಯನ್ನು ಧಾರಾಳವಾಗಿ ಕೊಟ್ಟಿದ್ದ. ತಲೆ ಕೊಡುವ ಹೊತ್ತಿಗೆ ಬೇರೆ ಕೆಲಸ ಬಂದಿರಬೇಕು. ಇದು ಅವನ ಹೆಂಡತಿ ಅನ್ನವ್ವನ ಮಾತು. ವರ್ಷಗಟ್ಟಲೆ ಅವನಿಗೆ ರೊಟ್ಟಿ ಬಡಿದು ಹಾಕಿದವಳು, ಸುಮ್ಮನೆ ಹೇಳಿದ್ದಲ್ಲ. ಹೊಲದಲ್ಲಿ ಕುಂಟೆ ಹಿಡಿಯಲು ನೋಯುತ್ತಿದ್ದ ಆ ಕೈ ನಾಗರಪಂಚಮಿ ಹತ್ತಿರ ಬಂತೆಂದರೆ ತಾನಾಗಿಯೇ ನೆಟ್ಟಗಾಗುತ್ತಿತ್ತು.

ಪಂಚಮಿಯಲ್ಲಿ ನಿಂಬೆಹಣ್ಣು ಒಗೆಯುವುದು ಆ ಸೀಮೆಯ ಗಂಡಸರ ಹುಚ್ಚು. ಇಷ್ಟು ಒಗೆತದಲ್ಲಿ ಇಂಥ ಜಾಗ ಮುಟ್ಟುತ್ತೇನೆಂದು ಪಣ ಕಟ್ಟುವುದು, ಹಣ್ಣು ಬಿದ್ದಲ್ಲಿಂದ ಮತ್ತೆ ಒಗೆಯುವುದು. ನೆಟ್ಟಗೆ ಮೇಲಕ್ಕೆ ಒಗೆದರೆ ಹಣ್ಣು ನೆತ್ತಿಯ ಮೇಲೇ ಬೀಳುತ್ತದೆ, ನೆಲಕ್ಕೆ ಸಮನಾಗಿ ಒಗೆದರೆ ಎದುರಿನ ಬದುವಿಗೆ ಬಡಿಯುತ್ತದೆ, ನಡುವೆ ಓರೆಯಾಗಿ ಬಿಟ್ಟರೆ ಮಾತ್ರ ದೂರ ಹೋಗುತ್ತದೆ. ಗಾಳಿ ಎದುರಾದರೆ ಇನ್ನೂ ತುಸು ತಗ್ಗಿಸಬೇಕು. ಎತ್ತರ ಹೋದಷ್ಟೂ ಹಣ್ಣು ಹೆಚ್ಚು ಹೊತ್ತು ಗಾಳಿಯ ಕೈಗೆ ಸಿಗುತ್ತದೆ. ಜೋಳದ ಹೊಲದಲ್ಲಿ ಹಕ್ಕಿಗೆ ಕವಣೆ ಬೀಸಿದವರಿಗೆಲ್ಲ ಇದು ಗೊತ್ತು. ಕರಬಸಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅನ್ನವ್ವ ಕ್ಷಮಿಸುತ್ತಿದ್ದಳು.

ಆದರೆ ಓರೆಯಾಗಿ ಹೋದ ಹಣ್ಣಿಗೆ ಚಪ್ಪಾಳೆ ಯಾರು ಹೊಡೆಯುತ್ತಾರೆ? ಮುಗಿಲಿಗೆ ಹೋಗಿ ಚುಕ್ಕಿಯಾದ ಹಣ್ಣಿಗೆ ಊರೇ ಕತ್ತೆತ್ತಿ ಹೋ ಎನ್ನುತ್ತಿತ್ತು. ಆ ಕೂಗಿಗಾಗಿ ಈ ಮಹಾರಾಯ ವರ್ಷವರ್ಷವೂ ಸೋತು, ಮೀಸೆ ತಿರುವಿಕೊಂಡು ಮನೆಗೆ ಬರುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಯುದ್ಧದ ದೆಸೆಯಿಂದ ಸೀಮೆಎಣ್ಣೆಗೂ ಸಕ್ಕರೆಗೂ ತತ್ವಾರ ಬಂದ ವರ್ಷ ಅವನು ಎಮ್ಮೆಯನ್ನೇ ಪಣಕ್ಕಿಟ್ಟ. ಎದುರು ಪಣ, ಕಾಳಿನ ವ್ಯಾಪಾರಿ ಉಳವಪ್ಪನ ಒಂದು ಎತ್ತು. ಉಳವಪ್ಪ ಹುಟ್ಟಿದಾಗಿನಿಂದ ನಿಂಬೆಹಣ್ಣು ಒಗೆದವನಲ್ಲ. ಕರಬಸಪ್ಪನನ್ನು ಬಲ್ಲವನು, ಅಷ್ಟೇ.

"ಆಡೂರಿಂದ ನಮ್ಮಪ್ಪ ಹೊಡಕೊಂಡು ಬಂದು ಕೊಟ್ಟ ಎಮ್ಮಿ ಅದು," ಎಂದಳು ಅನ್ನವ್ವ. "ಹುಡುಗರ ಬಾಯಾಗಿನ ಹಾಲು ಪಣಕ್ಕ ಇಡಾಕ ನಿಮಗ ಯಾರ್ ಹೇಳಿದ್ರು?"

"ಗೆದ್ರ ಎತ್ತು ಬರತೈತಿ. ಸುಮ್ನಿರು."

"ಗೆಲ್ಲೂದಿದ್ರ ಕೈ ತಗ್ಗಿಸಿ ಒಗೀರಿ. ಮುಗಿಲಾಗ ಯಾರೂ ನಿಮ್ಮ ಹಾದಿ ನೋಡಾಕತ್ತಿಲ್ಲ."

"ಅಷ್ಟು ನನಗ ತಿಳಿಯಂಗಿಲ್ಲೇನ?"

ಹಬ್ಬದ ದಿನ ಅವಳು ತವರಿಗೆ ಹೋಗಲಿಲ್ಲ, ಜೋಕಾಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಊರ ಅಗಸಿಬಾಗಿಲಿಂದ ಹೊರಟು, ಪಣದಲ್ಲಿ ಹೇಳಿದಷ್ಟೇ ಒಗೆತದಲ್ಲಿ ಪಡುವಣದ ಗಡಿಕಲ್ಲು ದಾಟಬೇಕು. ಶ್ರಾವಣದ ಗಾಳಿ ಎದುರಿಗೇ ಬೀಸುತ್ತಿತ್ತು. ಕರಬಸಪ್ಪ ಅವಳಿಗೇ ಅಚ್ಚರಿಯಾಗುವಂತೆ ಒಗೆದ. ಹಿಂಗಾಲೂರಿ, ಸೊಂಟ ತಿರುವಿ, ಕಾಲಿನ ಬಲವನ್ನೆಲ್ಲ ಹೆಗಲಿಗೆ ತಂದು, ಕೊನೆಗೆ ಮುಂಗೈ ಬೀಸಿ ಬಿಟ್ಟ. ತಗ್ಗಿ ಹೋದ ಹಣ್ಣು ಗಾಳಿಯನ್ನು ಸೀಳಿಕೊಂಡು ದೂರದೂರ ಬಿತ್ತು. ಹಿಂದೆ ನಡೆದ ಜನ ಬೇಸತ್ತು ಮಳೆಯ ಮಾತು ತೆಗೆದರು. ಉಳವಪ್ಪನ ಮುಖ ಸಣ್ಣದಾಯಿತು. ಅನ್ನವ್ವನಿಗೆ ಆಸೆ ಹುಟ್ಟಿತು.

ಉಳಿದದ್ದು ಒಂದೇ ಒಗೆತ. ಕಲ್ಲು ಕಣ್ಣೆದುರಿಗಿತ್ತು. ಹಿಂದಿನ ಒಗೆತದ ಅರ್ಧದಷ್ಟು ಹೋದರೂ ಸಾಕು.

ಆಗ ಉಳವಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಪಾಪ, ಕರಬಸಪ್ಪಗ ವಯಸ್ಸಾತು ಬಿಡ್ರಿ. ಮೊದಲ ಹೆಂಗ ಒಗೀತಿದ್ದ! ಈಗ ಕೈ ಮ್ಯಾಲ ಏಳವಲ್ದು."

"ಏಳವಲ್ದ? ನೋಡ್ರಿಲ್ಲೆ!"

"ಬ್ಯಾಡ್ರೀ!" ಎಂದು ಅನ್ನವ್ವ ಚೀರಿದಳು. ಹಣ್ಣು ಆಗಲೇ ಏರಿತ್ತು. ಏರಿ ಏರಿ ಚುಕ್ಕಿಯಾಯಿತು, ಗಾಳಿ ಅದನ್ನು ಹಿಂದಕ್ಕೆ ತಳ್ಳಿತು, ಒಗೆದವನ ಕಾಲ ಬುಡದಲ್ಲೇ ಬಂದು ಬಿತ್ತು. ಜನ ಹುಚ್ಚೆದ್ದು ಕೂಗಿ ಅವನನ್ನು ಹೆಗಲ ಮೇಲೆ ಹೊತ್ತರು. ಆ ಗದ್ದಲದಲ್ಲಿ ಉಳವಪ್ಪ ತಣ್ಣಗೆ ಊರಿಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದ. ಅನ್ನವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಸಂಜೆ ಮಕ್ಕಳು ಒಣ ರೊಟ್ಟಿ ಮುರಿಯುತ್ತಿದ್ದಾಗ ಕರಬಸಪ್ಪ ಕೊರಳಲ್ಲಿ ಮಾಲೆ ಹಾಕಿಕೊಂಡು ಬಂದು ಕುಳಿತ.

"ಕೈ ಭಾಳ ನೋಯಾಕತ್ತೈತಿ. ಒಂದೀಟು ಹಾಲು ಕಾಸಿ ಕೊಡು. ಹಣ್ಣು ಮುಗಿಲು ಮುಟ್ಟಿತ್ತು, ನೋಡಿದೆಲ್ಲ?"

"ನೋಡಿದ್ನಿರಿ," ಎಂದು ಅನ್ನವ್ವ ಖಾಲಿ ಚರಗಿಯನ್ನು ಅವನ ಮುಂದೆ ಕುಕ್ಕಿದಳು. "ಅಲ್ಲೇ ಹೋಗಿ ಹಿಂಡಕೊಂಡು ಬರ್ರಿ."